ನೀರಿನ ಲೆಕ್ಕ ಇಟ್ಟ ಟೀಚರಮ್ಮ: ಎಲೆನ್ ಸ್ವಾಲೋ ರಿಚರ್ಡ್ಸ್



ಹೋಮ್ ಸೈನ್ಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಸೂತಿ, ಜಾಮ್, ಉಪ್ಪಿನಕಾಯಿ. ಸೈನ್ಸ್ ಸೀಟು ಸಿಗದ ಹುಡುಗಿಯರು ಸೇರುವ ಕೋರ್ಸು ಎಂದು ಸಲೀಸಾಗಿ ಹೇಳಿಬಿಡುವವರೂ ಇದ್ದಾರೆ. ಆ ವಿಷಯಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯರಾದವರು ಒಬ್ಬ ಪಕ್ಕಾ ಕೆಮಿಸ್ಟ್ ಎಂದರೆ ಎಷ್ಟು ಜನ ನಂಬುತ್ತೀರಿ? ಅದಿರು ಕರಗಿಸಿ ಲೋಹ ಹುಡುಕುತ್ತಿದ್ದ, ಒಂದು ಇಡೀ ರಾಜ್ಯದ ಕುಡಿಯುವ ನೀರನ್ನು ಬಾಟಲಿ ಬಾಟಲಿಯಾಗಿ ಪರೀಕ್ಷಿಸಿದ ಕೆಮಿಸ್ಟ್. ಅವರ ಹೆಸರು ಎಲೆನ್ ಸ್ವಾಲೋ ರಿಚರ್ಡ್ಸ್. ಅಮೆರಿಕದವರು. ಈ ಸಲ ನಾವು ಅವರ ಕಥೆಯನ್ನೇ ಆರಿಸಿಕೊಂಡಿದ್ದೇವೆ.

ಎಲೆನ್ ಹುಟ್ಟಿದ್ದು 1842ರ ಡಿಸೆಂಬರ್ 3ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಡನ್‌ಸ್ಟೇಬಲ್ ಎಂಬ ಹಳ್ಳಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿದವರು, ಜೊತೆಗೆ ಬೇಸಾಯ. ಇವರೊಬ್ಬರೇ ಮಗಳು. ಆಮೇಲೆ ಅಪ್ಪ ವೆಸ್ಟ್‌ಫರ್ಡ್ ಎಂಬ ಊರಿಗೆ ಬಂದು ಒಂದು ಅಂಗಡಿ ಇಟ್ಟರು. ಎಲೆನ್ ಅಲ್ಲಿನ ಅಕಾಡೆಮಿಯಲ್ಲಿ ಓದುತ್ತಾ ಅಂಗಡಿಯಲ್ಲಿ ಗಿರಾಕಿಗಳಿಗೆ ಸಾಮಾನು ತೂಗಿ ಕೊಟ್ಟರು, ಲೆಕ್ಕ ಬರೆದರು. ಅಮ್ಮನಿಗೆ ಆಗಾಗ ಕಾಯಿಲೆ, ಹಾಗಾಗಿ ಮನೆಗೆಲಸವೂ ಇವರದೇ. ಅಂಗಡಿಯ ಹಿಟ್ಟು, ಸಕ್ಕರೆ, ಮಸಾಲೆ ಎಲ್ಲವನ್ನೂ ಕೈಯಲ್ಲಿ ಮುಟ್ಟಿ ಬೆಳೆದ ಹುಡುಗಿ ಮುಂದೆ ಅದೇ ಸಾಮಾನುಗಳಲ್ಲಿ ಕಲಬೆರಕೆ ಹುಡುಕುವ ಪುಸ್ತಕ ಬರೆದದ್ದು ನಮಗೆ ತುಂಬ ಸಹಜವಾಗಿ ಕಾಣುತ್ತದೆ.

ಕಾಲೇಜು ಸೇರುವಾಗ ಅವರಿಗೆ 25 ವರ್ಷ. ಅಷ್ಟರ ತನಕ ಟೀಚರ್ ಕೆಲಸ, ಟ್ಯೂಷನ್, ರೋಗಿಗಳ ಆರೈಕೆ, ಅಂಗಡಿ, ಏನು ಸಿಕ್ಕಿತೋ ಅದನ್ನು ಮಾಡಿ ಹಣ ಕೂಡಿಸಿದರು. ನಡುವೆ ಎರಡು ವರ್ಷ ಮನಸ್ಸೇ ಕುಗ್ಗಿ ಹೋಗಿತ್ತು. ಓದಬೇಕು ಎಂಬ ಹಸಿವು, ಆದರೆ ದಾರಿಯಿಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಗಂಭೀರವಾಗಿ ವಿಜ್ಞಾನ ಕಲಿಸುವ ಕಾಲೇಜುಗಳೇ ಬೆರಳೆಣಿಕೆಯಷ್ಟು. ನ್ಯೂಯಾರ್ಕ್ ರಾಜ್ಯದಲ್ಲಿ ವಾಸರ್ ಕಾಲೇಜು 1865ರಲ್ಲಷ್ಟೇ ಬಾಗಿಲು ತೆರೆದಿತ್ತು. 1868ರಲ್ಲಿ ಎಲೆನ್ ಅಲ್ಲಿಗೆ ಸೇರಿ 1870ರಲ್ಲಿ ಪದವಿ ಮುಗಿಸಿದರು. ಅಲ್ಲಿ ಇಬ್ಬರು ಗುರುಗಳು ಸಿಕ್ಕಿದರು. ಒಬ್ಬರು ಮರಿಯಾ ಮಿಚೆಲ್, 1847ರಲ್ಲಿ ದೂರದರ್ಶಕದಿಂದ ಹೊಸ ಧೂಮಕೇತು ಕಂಡುಹಿಡಿದ ಖಗೋಳ ವಿಜ್ಞಾನಿ. ಇನ್ನೊಬ್ಬರು ರಸಾಯನಶಾಸ್ತ್ರದ ಚಾರ್ಲ್ಸ್ ಫರಾರ್. ದಿನನಿತ್ಯದ ತೊಂದರೆಗಳಿಗೆ ವಿಜ್ಞಾನ ಉತ್ತರ ಕೊಡಬೇಕು ಎನ್ನುವುದು ಫರಾರ್ ಅವರ ಪಾಠ. ನಕ್ಷತ್ರಗಳೋ ಕೆಮಿಸ್ಟ್ರಿಯೋ ಎಂದು ಎಲೆನ್ ಸ್ವಲ್ಪ ದಿನ ತೂಗಾಡಿ, ಕೊನೆಗೆ ಕೆಮಿಸ್ಟ್ರಿ ಹಿಡಿದರು.

ಪದವಿ ಬಂತು, ಕೆಲಸ ಬರಲಿಲ್ಲ. ರಾಸಾಯನಿಕ ವಿಶ್ಲೇಷಣೆ ಮಾಡುವ ಕಂಪನಿಗಳಿಗೆ ಕಾಗದ ಬರೆದರೂ ಪ್ರಯೋಜನವಾಗಲಿಲ್ಲ. ಆದರೆ ಒಂದು ಸಲಹೆ ಸಿಕ್ಕಿತು: ಬಾಸ್ಟನ್ನಿನಲ್ಲಿ ಹೊಸದಾಗಿ ಶುರುವಾದ ತಂತ್ರಜ್ಞಾನ ಸಂಸ್ಥೆಯಲ್ಲಿ ಕೇಳಿ ನೋಡಿ ಎಂದು. ಅದೇ ಇವತ್ತಿನ ಎಂ.ಐ.ಟಿ. ಅಲ್ಲಿ ಅಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ಓದಿರಲಿಲ್ಲ.

1870ರ ಡಿಸೆಂಬರ್‌ನಲ್ಲಿ ಸಂಸ್ಥೆಯವರು ಎಲೆನ್ ಅವರನ್ನು ‘ವಿಶೇಷ ವಿದ್ಯಾರ್ಥಿನಿ’ ಎಂದು ಸೇರಿಸಿಕೊಂಡರು. ಜೊತೆಗೇ ಒಂದು ಠರಾವು: ಇವರೊಬ್ಬರನ್ನು ಸೇರಿಸಿಕೊಂಡ ಮಾತ್ರಕ್ಕೆ ಮುಂದೆ ಹೆಂಗಸರನ್ನೆಲ್ಲ ಸೇರಿಸಿಕೊಳ್ಳಬೇಕೆಂದು ಅರ್ಥವಲ್ಲ! ಫೀಸು ಮಾತ್ರ ಬೇಡ ಎಂದರು. ಹಣಕ್ಕೆ ಕಷ್ಟ ಇದೆಯೆಂದು ಕನಿಕರದಿಂದ ಬಿಟ್ಟಿದ್ದಾರೆ ಎಂದೇ ಎಲೆನ್ ತಿಳಿದುಕೊಂಡಿದ್ದರು. ನಿಜವಾದ ಕಾರಣ ಆಮೇಲೆ ತಿಳಿಯಿತು. ಟ್ರಸ್ಟಿಗಳೋ ಹುಡುಗರೋ ಯಾರಾದರೂ ತಕರಾರು ತೆಗೆದರೆ ‘ಅವರು ನಮ್ಮ ವಿದ್ಯಾರ್ಥಿನಿಯೇ ಅಲ್ಲ, ಫೀಸು ಪುಸ್ತಕದಲ್ಲಿ ಹೆಸರೇ ಇಲ್ಲ’ ಎಂದು ಅಧ್ಯಕ್ಷರು ಜಾರಿಕೊಳ್ಳಲು ಒಂದು ದಾರಿ ಅದು. ಮೊದಲೇ ಗೊತ್ತಿದ್ದರೆ ನಾನು ಹೋಗುತ್ತಲೇ ಇರಲಿಲ್ಲ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಗೊತ್ತಿಲ್ಲದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಬೇಕು.

1871ರಲ್ಲಿ ಅವರ ಅಪ್ಪ ರೈಲು ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡರು. ಒಬ್ಬಳೇ ಮಗಳು, ಒಂಟಿಯಾದ ಅಮ್ಮ. ಅಮ್ಮನ ಕಡೆಗೂ ನೋಡಿಕೊಂಡು, ಲ್ಯಾಬನ್ನೂ ಬಿಡದೆ ಎಲೆನ್ ಓದಿದರು. ಪ್ರಾಧ್ಯಾಪಕರ ಮನಸ್ಸು ಗೆಲ್ಲಲು ಅವರು ಹಿಡಿದ ದಾರಿ ನಮ್ಮ ಕಾಲದ ಹುಡುಗಿಯರಿಗೆ ಅಷ್ಟು ಇಷ್ಟವಾಗಲಿಕ್ಕಿಲ್ಲ: ಲ್ಯಾಬಿನ ಧೂಳು ಹೊಡೆದರು, ಮೇಷ್ಟ್ರ ಹರಿದ ಬಟ್ಟೆ ಹೊಲಿದು ಕೊಟ್ಟರು, ಕೈ ಕೊಯ್ದುಕೊಂಡವರಿಗೆ ಪಟ್ಟಿ ಕಟ್ಟಿದರು. ಹೆಂಗಸು ಬಂದರೆ ಶಿಸ್ತು ಕೆಡುತ್ತದೆ ಎನ್ನುತ್ತಿದ್ದವರು ಕ್ರಮೇಣ ಇವರಿಲ್ಲದೆ ಲ್ಯಾಬ್ ನಡೆಯುವುದಿಲ್ಲ ಎನ್ನುವ ಹಂತಕ್ಕೆ ಬಂದರು. ನಮ್ಮ ಬಳಗದಲ್ಲಿ ಇದರ ಬಗ್ಗೆ ಚರ್ಚೆಯೇ ಆಯಿತು. ಹುಡುಗರಿಗೆ ಯಾರೂ ಹೊಲಿಗೆ ಹಾಕಲು ಹೇಳಿರಲಿಲ್ಲವಲ್ಲ ಎಂದು ಕೆಲವರು ಸಿಟ್ಟು ಮಾಡಿಕೊಂಡರು. ಸಿಟ್ಟು ನ್ಯಾಯವೇ. ಆದರೆ ಬಾಗಿಲ ಸಂದಿಯಲ್ಲಿ ಕಾಲಿಟ್ಟು ನಿಂತವರು ಆ ಹೊತ್ತಿಗೆ ಅವರೊಬ್ಬರೇ ಎಂಬುದನ್ನೂ ನೋಡಬೇಕು.

1873ರಲ್ಲಿ ಅವರಿಗೆ ಎಂ.ಐ.ಟಿ.ಯ ಬಿ.ಎಸ್ಸಿ. ಸಿಕ್ಕಿತು. ಅಲ್ಲಿ ಪದವಿ ಪಡೆದ ಮೊದಲ ಮಹಿಳೆ. ಅದೇ ವರ್ಷ ವಾಸರ್‌ನಿಂದ ಎಂ.ಎ. ಕೂಡ. ಡಾಕ್ಟರೇಟಿಗೆ ಬೇಕಾದಷ್ಟು ಓದನ್ನು ಮುಂದುವರಿಸಿದರು, ಆದರೆ ಸಂಸ್ಥೆ ಅದನ್ನು ಕೊಡಲಿಲ್ಲ. ಈ ದಿನಗಳಲ್ಲಿ ಅವರು ಸಮರ್‌ಸ್ಕೈಟ್ ಎಂಬ ಅಪರೂಪದ ಖನಿಜವನ್ನು ವಿಶ್ಲೇಷಿಸುತ್ತಿದ್ದಾಗ ಕರಗದೆ ಉಳಿದ ಒಂದಿಷ್ಟು ಪುಡಿ ಕಂಡಿತು. ಇದರಲ್ಲಿ ಯಾರಿಗೂ ಗೊತ್ತಿಲ್ಲದ ಧಾತು ಇರಬಹುದು ಎಂದು ಅವರಿಗೆ ಅನ್ನಿಸಿತ್ತು. ಮುಂದೆ ಅದೇ ಖನಿಜದಿಂದ ಬೇರೆಯವರು ಸಮೇರಿಯಂ ಕಂಡುಹಿಡಿದರು.

ಮದುವೆಯ ಕಥೆಯನ್ನೂ ಹೇಳಿಬಿಡುತ್ತೇವೆ. ಗಣಿ ಎಂಜಿನಿಯರಿಂಗ್ ಪ್ರಾಧ್ಯಾಪಕ ರಾಬರ್ಟ್ ರಿಚರ್ಡ್ಸ್ ಇವರನ್ನು ಕೇಳಿದ್ದು ಕೆಮಿಸ್ಟ್ರಿ ಲ್ಯಾಬಿನಲ್ಲೇ. 1875ರ ಜೂನ್‌ನಲ್ಲಿ ಮದುವೆ. ಹನಿಮೂನಿಗೆ ನೋವಾ ಸ್ಕಾಟಿಯಾಕ್ಕೆ ಹೋದಾಗ ಜೊತೆಗೆ ರಾಬರ್ಟ್ ಅವರ ಗಣಿ ತರಗತಿಯ ಹುಡುಗರೂ ಇದ್ದರು! ಗಣಿ ನೋಡುವ ಕೆಲಸ ಇತ್ತು, ಇಬ್ಬರಿಗೂ ಅದು ಖುಷಿಯೇ. 1879ರಲ್ಲಿ ಅಮೆರಿಕದ ಗಣಿ ಎಂಜಿನಿಯರುಗಳ ಸಂಘ ಎಲೆನ್ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡಿತು. ಗಂಡನ ಸಂಬಳ ಮನೆಗೆ ಸಾಕಾಗುತ್ತಿದ್ದ ಕಾರಣ ಎಲೆನ್ ಮುಂದಿನ ಎಷ್ಟೋ ವರ್ಷ ಸಂಬಳವಿಲ್ಲದೆ ಪಾಠ ಹೇಳಲು ಸಾಧ್ಯವಾಯಿತು.

ಆ ಪಾಠ ನಡೆದದ್ದು 1876ರಲ್ಲಿ ಶುರುವಾದ ಮಹಿಳಾ ಪ್ರಯೋಗಾಲಯದಲ್ಲಿ. ವ್ಯಾಯಾಮ ಶಾಲೆಗೆಂದು ಇಟ್ಟಿದ್ದ ಒಂದು ಸಣ್ಣ ಕಟ್ಟಡ ಅದು. ಬಾಸ್ಟನ್ನಿನ ಹೆಂಗಸರ ಒಂದು ಶಿಕ್ಷಣ ಸಂಘ ಉಪಕರಣಕ್ಕೆ ಹಣ ಕೂಡಿಸಿತು. ಎಲೆನ್ ಕೂಡ ತಮ್ಮ ಕೈಯಿಂದ ಹಾಕುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಶಾಲಾ ಟೀಚರುಗಳು. ಪುಸ್ತಕ ಓದಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದರು, ಆದರೆ ಟೆಸ್ಟ್ ಟ್ಯೂಬ್ ಹಿಡಿದವರಲ್ಲ. ಎಲೆನ್ ಅವರ ಕೈಗೆ ಗೋಡೆ ಕಾಗದ, ಬಟ್ಟೆ, ಅಡುಗೆ ಸೋಡಾ, ಹಾಲು, ನೀರು ಕೊಟ್ಟರು. ಗೋಡೆ ಕಾಗದ ಯಾಕೆ ಎಂದರೆ, ಆ ಕಾಲದ ಚೆಂದದ ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ಇರುತ್ತಿತ್ತು. ಮಗುವಿನ ಕೋಣೆಗೆ ಅಂಟಿಸಿದ ಕಾಗದದಲ್ಲಿ ವಿಷ ಇದೆಯೆಂದು ಸ್ವಂತ ಕೈಯಿಂದ ತೋರಿಸಿದ ಟೀಚರಿಗೆ ಕೆಮಿಸ್ಟ್ರಿ ಮರೆಯಲು ಸಾಧ್ಯವೇ? ಎಂ.ಐ.ಟಿ. ಹೆಣ್ಣುಮಕ್ಕಳನ್ನು ಸಾಮಾನ್ಯ ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳಲು ಶುರು ಮಾಡಿದ ಮೇಲೆ, 1883ರಲ್ಲಿ ಈ ಪ್ರಯೋಗಾಲಯ ಮುಚ್ಚಿತು. ಎಲೆನ್ ಕಟ್ಟಿದ ಲ್ಯಾಬು ಹೋಯಿತು, ಅವರಿಗೆ ಹುದ್ದೆಯೂ ಇರಲಿಲ್ಲ. ಗೆದ್ದವರ ಕೈ ಖಾಲಿ.

ಊರು ಬಿಟ್ಟು ಬರಲಾಗದ ಹೆಂಗಸರಿಗೆ ಅಂಚೆಯ ಮೂಲಕ ಕಲಿಸುವ ಒಂದು ಸಂಘವನ್ನು 1873ರಲ್ಲಿ ಅನ್ನಾ ಟಿಕ್ನರ್ ಎಂಬವರು ಬಾಸ್ಟನ್ನಿನಲ್ಲಿ ಶುರು ಮಾಡಿದ್ದರು. ಅದರ ವಿಜ್ಞಾನ ವಿಭಾಗ ಎಲೆನ್ ಅವರ ಪಾಲಿಗೆ ಬಂತು. ಪಾಠ, ಕಲ್ಲಿನ ಮಾದರಿ, ಸೂಕ್ಷ್ಮದರ್ಶಕ, ಎಲ್ಲವೂ ಪೋಸ್ಟಿನಲ್ಲಿ! 24 ವರ್ಷಗಳಲ್ಲಿ 7,000ಕ್ಕೂ ಹೆಚ್ಚು ಹೆಂಗಸರು ಆ ಸಂಘದಿಂದ ಕಲಿತರು. ಹೊಲಮನೆಗಳಲ್ಲಿ ಒಂಟಿಯಾಗಿದ್ದವರು ಪಾಠದ ಜೊತೆಗೆ ತಮ್ಮ ಕಷ್ಟವನ್ನೂ ಬರೆಯುತ್ತಿದ್ದರು, ಎಲೆನ್ ಅದಕ್ಕೂ ಉತ್ತರ ಬರೆಯುತ್ತಿದ್ದರು.

ಇನ್ನೊಂದು ಗಲಾಟೆಯ ವಿಷಯ. 1873ರಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ಬಾಸ್ಟನ್ ವೈದ್ಯರು, ಹೆಣ್ಣುಮಕ್ಕಳು ಕಾಲೇಜು ಓದಿದರೆ ಆರೋಗ್ಯ ಹಾಳಾಗುತ್ತದೆ ಎಂದು ಪುಸ್ತಕವೇ ಬರೆದಿದ್ದರು. ಪುಸ್ತಕ ಬಿಸಿ ದೋಸೆಯಂತೆ ಹೋಯಿತು. 1881ರಲ್ಲಿ ಎಲೆನ್, ಮೇರಿಯನ್ ಟಾಲ್ಬಟ್ ಮತ್ತು ಇತರರು ಸೇರಿ ಪದವೀಧರ ಮಹಿಳೆಯರ ಸಂಘ ಕಟ್ಟಿದರು. ಆ ಸಂಘ ಪದವೀಧರರಿಗೆ ಪ್ರಶ್ನೆಪಟ್ಟಿ ಕಳಿಸಿತು. 705 ಮಂದಿಯ ಉತ್ತರ ಒಟ್ಟುಮಾಡಿ 1885ರಲ್ಲಿ ವರದಿ ಬಂತು: ಓದಿದ ಹೆಂಗಸರು ಬೇರೆಯವರಷ್ಟೇ ಆರೋಗ್ಯವಾಗಿದ್ದಾರೆ. ಕೂಗಾಡುವ ಬದಲು ಲೆಕ್ಕ ಮುಂದಿಡುವುದು ಇವರ ರೀತಿ.

ಈಗ ನೀರಿನ ವಿಷಯ. ನಮ್ಮ ಬಿ.ಎಸ್ಸಿ. ಮನಸ್ಸಿಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು, ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

1884ರಲ್ಲಿ ಎಂ.ಐ.ಟಿ. ನೈರ್ಮಲ್ಯ ರಸಾಯನಶಾಸ್ತ್ರಕ್ಕೆಂದು ಪ್ರಯೋಗಾಲಯ ತೆರೆದು ಎಲೆನ್ ಅವರನ್ನು ಬೋಧಕಿಯಾಗಿ ನೇಮಿಸಿತು. ಕಡೆಗೂ ಸಂಬಳದ ಕೆಲಸ. ಮ್ಯಾಸಚೂಸೆಟ್ಸ್ ಆಗ ಗಿರಣಿಗಳ ರಾಜ್ಯ. ಒಂದು ಊರಿನ ಕೊಳಚೆ ನದಿಗೆ, ಕೆಳಗಿನ ಊರಿಗೆ ಅದೇ ಕುಡಿಯುವ ನೀರು. ಟೈಫಾಯ್ಡ್ ವರ್ಷ ವರ್ಷ ಬರುತ್ತಿತ್ತು. 1887ರಲ್ಲಿ ರಾಜ್ಯದ ಆರೋಗ್ಯ ಮಂಡಳಿ ಇಡೀ ರಾಜ್ಯದ ನೀರಿನ ಸಮೀಕ್ಷೆಗೆ ಇಳಿಯಿತು. ಥಾಮಸ್ ಡ್ರೌನ್ ಅವರ ಮೇಲ್ವಿಚಾರಣೆ, ದಿನನಿತ್ಯದ ವಿಶ್ಲೇಷಣೆಯ ಹೊಣೆ ಎಲೆನ್ ಅವರದು. ತಿಂಗಳು ತಿಂಗಳು ಬಾಟಲಿಗಳು ಬಂದವು, ಎರಡು ವರ್ಷಗಳಲ್ಲಿ ಹತ್ತಾರು ಸಾವಿರ ಮಾದರಿಗಳು. ನೀರು ಇಟ್ಟರೆ ಕೆಡುತ್ತದೆ, ಬಂದ ದಿನವೇ ಮಾಡಿ ಮುಗಿಸಬೇಕು.

ಇದರಲ್ಲಿ ಹುಟ್ಟಿದ್ದು ‘ಸಹಜ ಕ್ಲೋರೈಡ್’ ನಕ್ಷೆ. ವಿಷಯ ಸರಳ. ಮನುಷ್ಯ ಉಪ್ಪು ತಿನ್ನುತ್ತಾನೆ, ಮೂತ್ರದಲ್ಲಿ ಅದು ಹೊರಗೆ ಹೋಗುತ್ತದೆ. ಶೌಚದ ಗುಂಡಿಯ ನೀರು ಮಣ್ಣಿನಲ್ಲಿ ಇಳಿಯುವಾಗ ಕೊಳೆ, ವಾಸನೆ, ಬಣ್ಣ ಎಲ್ಲ ಸೋಸಿ ಹೋಗಬಹುದು. ನೋಡಲು ನೀರು ಕನ್ನಡಿಯಂತಿರುತ್ತದೆ. ಕ್ಲೋರೈಡ್ ಮಾತ್ರ ಸೋಸುವುದಿಲ್ಲ. ಅದು ನೀರಿನ ಜೊತೆಗೇ ಬಾವಿಗೆ ಬರುತ್ತದೆ. ಹಾಗಾದರೆ ಕ್ಲೋರೈಡ್ ಜಾಸ್ತಿ ಇದ್ದ ಬಾವಿಗೆಲ್ಲ ಕೊಳಚೆ ಸೇರಿದೆ ಎನ್ನಬಹುದೇ? ಇಲ್ಲ. ಸಮುದ್ರದ ಗಾಳಿಯೂ ಉಪ್ಪು ತರುತ್ತದೆ. ಕಡಲ ಬದಿಯ ಶುದ್ಧ ಕೆರೆಯಲ್ಲೂ ಕ್ಲೋರೈಡ್ ಜಾಸ್ತಿ, ಒಳನಾಡಿಗೆ ಹೋದಂತೆ ಕಡಿಮೆ. ಅದಕ್ಕೆ ಮನುಷ್ಯವಾಸ ಮುಟ್ಟದ ಕೆರೆ, ಬುಗ್ಗೆಗಳ ಅಂಕಿ ತೆಗೆದು ನಕ್ಷೆಯ ಮೇಲೆ ಇಟ್ಟರು. ಸಮಾನ ಅಂಕಿಗಳನ್ನು ಗೆರೆಯಿಂದ ಸೇರಿಸಿದಾಗ ಗೆರೆಗಳು ಕರಾವಳಿಯ ಅಂಚನ್ನೇ ಹಿಡಿದು ಸಾಗಿದವು. ಇನ್ನು ಯಾವ ಊರಿನ ಬಾವಿಯಾದರೂ ಸರಿ, ಆ ಜಾಗದ ಸಹಜ ಅಂಕಿಗಿಂತ ಹೆಚ್ಚು ಬಂದರೆ ಆ ಹೆಚ್ಚಿನದು ಮನುಷ್ಯನದು ಎಂದು ಅನುಮಾನಿಸಬಹುದು. ಬ್ಯಾಕ್ಟೀರಿಯಾ ಪರೀಕ್ಷೆ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ಆಯುಧ.

ಕ್ಲೋರೈಡ್ ಅಳೆಯುವುದು ನಮ್ಮಲ್ಲಿ ಕೆಮಿಸ್ಟ್ರಿ ಓದಿದವರಿಗೆಲ್ಲ ಗೊತ್ತಿರುವ ಸಿಲ್ವರ್ ನೈಟ್ರೇಟ್ ಟೈಟ್ರೇಷನ್ನಿನಿಂದ. ಹಳದಿ ಪೊಟ್ಯಾಸಿಯಂ ಕ್ರೋಮೇಟ್ ಹಾಕಿ, ಬ್ಯೂರೆಟ್ಟಿನಿಂದ ಹನಿ ಹನಿ ಬಿಟ್ಟು, ಇಟ್ಟಿಗೆ ಕೆಂಪು ಬಂದಾಗ ನಿಲ್ಲಿಸುವುದು. ಮಾರ್ಕಿಗಾಗಿ ಮೂರು ರೀಡಿಂಗ್ ತೆಗೆಯುವಷ್ಟರಲ್ಲೇ ನಮಗೆ ಕುತ್ತಿಗೆ ನೋವು. ಮಂಜೇಶ್ವರ, ಕುಂಬಳೆ ಕಡೆಯ ಕಡಲ ಬದಿಯ ಬಾವಿಗೂ ಒಳಗಿನ ಗುಡ್ಡದ ಬಾವಿಗೂ ಇದೇ ಮಾತು ಅನ್ವಯಿಸುತ್ತದೆ. ಬರೀ ಒಂದು ಅಂಕಿ ನೋಡಿ ನೀರು ಒಳ್ಳೆಯದು ಕೆಟ್ಟದ್ದು ಅನ್ನಲಾಗದು, ಆ ಜಾಗದಲ್ಲಿ ಎಷ್ಟಿರಬೇಕಿತ್ತು ಎಂದು ಮೊದಲು ಗೊತ್ತಿರಬೇಕು.

ಸಮೀಕ್ಷೆ ಕಾಗದದಲ್ಲೇ ಉಳಿಯಲಿಲ್ಲ. ಆರೋಗ್ಯ ಮಂಡಳಿ ಲಾರೆನ್ಸ್ ಎಂಬ ಗಿರಣಿ ಊರಿನಲ್ಲಿ ನೀರು ಶುದ್ಧೀಕರಣದ ಪ್ರಯೋಗ ಕೇಂದ್ರ ನಡೆಸುತ್ತಿತ್ತು. 1893ರಲ್ಲಿ ಆ ಊರಿಗೆ ದೊಡ್ಡ ಮರಳು ಸೋಸುಕ ಹಾಕಿದರು, ಟೈಫಾಯ್ಡ್ ಸಾವು ಗಣನೀಯವಾಗಿ ಇಳಿಯಿತು. ಎಲೆನ್ ಕೈಯಲ್ಲಿ ನೀರಿನ ವಿಶ್ಲೇಷಣೆ ಕಲಿತ ಹುಡುಗರು ಮುಂದೆ ಅಮೆರಿಕದ ಊರೂರುಗಳ ನೀರು ಸರಬರಾಜಿನ ಎಂಜಿನಿಯರುಗಳಾದರು.

ಊಟದ ಕಡೆ ಅವರಿಗೆ ಇಷ್ಟು ಜಯ ಸಿಗಲಿಲ್ಲ. 1890ರಲ್ಲಿ ಮೇರಿ ಹಿನ್ಮನ್ ಏಬಲ್ ಅವರ ಜೊತೆ ಬಾಸ್ಟನ್ನಿನಲ್ಲಿ ‘ನ್ಯೂ ಇಂಗ್ಲೆಂಡ್ ಕಿಚನ್’ ತೆರೆದರು. ಬಡ ಕೂಲಿಕಾರರಿಗೆ ಕಡಿಮೆ ಬೆಲೆಗೆ ಪೌಷ್ಟಿಕ ಊಟ, ಅಳತೆ ಮಾಡಿ ಬೇಯಿಸಿದ್ದು, ಎಲ್ಲರಿಗೂ ಕಾಣುವಂತೆ ತೆರೆದ ಅಡುಗೆಮನೆ. ದನದ ಮಾಂಸದ ಸಾರು, ಬಟಾಣಿ ಸೂಪು, ಮೆಕ್ಕೆಜೋಳದ ಗಂಜಿ. ಆದರೆ ಐರ್ಲೆಂಡ್, ಇಟಲಿಗಳಿಂದ ಬಂದ ಕುಟುಂಬಗಳಿಗೆ ಅದು ರುಚಿಸಲಿಲ್ಲ. ಇದನ್ನು ತಿನ್ನಿಸಿ ನನ್ನನ್ನು ಅಮೆರಿಕನ್ ಮಾಡಲಾರಿರಿ ಎಂಬಂತೆ ಒಬ್ಬ ಗಿರಾಕಿ ಮುಖಕ್ಕೇ ಹೇಳಿದನಂತೆ. ನಮಗೆ ಆ ಗಿರಾಕಿಯ ಮೇಲೆ ಪ್ರೀತಿ ಬರುತ್ತದೆ. ಗಡಿಯಾಚೆ ಬದುಕುವವರಿಗೆ ಮನೆಯ ಊಟ, ಮನೆಯ ಮಾತು ಯಾಕೆ ಅಷ್ಟು ಮುಖ್ಯ ಎಂದು ಯಾರೂ ಕಲಿಸಬೇಕಾಗಿಲ್ಲ. ಪ್ರೋಟೀನಿನ ಲೆಕ್ಕ ಸರಿಯಿತ್ತು. ತಿನ್ನುವವರನ್ನು ಕೇಳಿರಲಿಲ್ಲ, ಅಷ್ಟೇ. ಬಡವರಿಗೆ ಏನು ಒಳ್ಳೆಯದು ಎಂದು ತಮಗೇ ಗೊತ್ತು ಎನ್ನುವ ಧಾಟಿ ಎಲೆನ್ ಅವರ ಬರಹಗಳಲ್ಲೂ ಅಲ್ಲಲ್ಲಿ ಇಣುಕುತ್ತದೆ.

ಹಾಗೆಂದು ಆ ಅಡುಗೆಮನೆ ದಂಡವಾಗಲಿಲ್ಲ. 1893ರ ಷಿಕಾಗೋ ವಿಶ್ವ ಪ್ರದರ್ಶನದಲ್ಲಿ, ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಆ ಪ್ರದರ್ಶನದ ಅಂಗವಾಗಿಯೇ, ಎಲೆನ್ ‘ರಮ್‌ಫರ್ಡ್ ಕಿಚನ್’ ಎಂಬ ಪುಟ್ಟ ಮನೆ ನಡೆಸಿದರು. 30 ಸೆಂಟಿಗೆ ಊಟ, ಊಟದ ಚೀಟಿಯಲ್ಲಿ ಎಷ್ಟು ಪ್ರೋಟೀನ್, ಎಷ್ಟು ಕೊಬ್ಬು, ಎಷ್ಟು ಕ್ಯಾಲೊರಿ ಎಂಬ ವಿವರ. ಬಿಸ್ಕೆಟ್ ಪ್ಯಾಕೆಟ್ಟಿನ ಹಿಂಬದಿಯಲ್ಲಿ ನಾವು ಈಗ ನೋಡುವ ಪಟ್ಟಿಯನ್ನು ನೆನೆಸಿಕೊಳ್ಳಿ. ಮರು ವರ್ಷ ಬಾಸ್ಟನ್ನಿನ ಹೈಸ್ಕೂಲುಗಳ ಮಧ್ಯಾಹ್ನದ ಊಟದ ಕೆಲಸ ನ್ಯೂ ಇಂಗ್ಲೆಂಡ್ ಕಿಚನ್‌ಗೆ ಸಿಕ್ಕಿತು.

ನೀರು, ಗಾಳಿ, ಆಹಾರ, ಮನೆ, ಇವೆಲ್ಲ ಒಂದೇ ವಿಷಯದ ತುಂಡುಗಳು ಎಂದು ಎಲೆನ್ ನಂಬಿದ್ದರು. 1892ರಲ್ಲಿ ಅದಕ್ಕೆ ಜರ್ಮನಿಯ ಹೆಕೆಲ್ ಹುಟ್ಟಿಸಿದ್ದ ‘ಇಕಾಲಜಿ’ ಎಂಬ ಪದವನ್ನು ಬಳಸಲು ನೋಡಿದರು. ಮನುಷ್ಯ ಬದುಕುವ ಪರಿಸರದ ವಿಜ್ಞಾನ ಎಂಬ ಅವರ ಅರ್ಥ ನಿಲ್ಲಲಿಲ್ಲ, ಪದ ಜೀವಶಾಸ್ತ್ರದವರ ಪಾಲಾಯಿತು. 1899ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ 11 ಮಂದಿ ಸೇರಿದರು. ಅತಿಥೇಯರು ಮೆಲ್ವಿಲ್ ಡ್ಯೂಯಿ ದಂಪತಿ. ಹೌದು, ಲೈಬ್ರರಿ ಪುಸ್ತಕಗಳಿಗೆ ನಂಬರು ಹಾಕುವ ಆ ಡ್ಯೂಯಿಯೇ. ಅಲ್ಲಿ ಒಪ್ಪಿದ ಹೆಸರು ‘ಹೋಮ್ ಎಕನಾಮಿಕ್ಸ್’. 1908ರ ತನಕ ಸಮ್ಮೇಳನಗಳು ನಡೆದು, ಕೊನೆಗೆ ಹುಟ್ಟಿದ ರಾಷ್ಟ್ರೀಯ ಸಂಘಕ್ಕೆ ಎಲೆನ್ ಮೊದಲ ಅಧ್ಯಕ್ಷೆ. ಹೆಣ್ಣನ್ನು ಮತ್ತೆ ಅಡುಗೆಮನೆಗೇ ಕಟ್ಟಿಹಾಕಿದರು ಎಂದು ಆಮೇಲೆ ಟೀಕೆ ಬಂತು. ವಿಜ್ಞಾನದ ಬೇರೆ ವಿಭಾಗಗಳು ತಮ್ಮಲ್ಲಿಗೆ ಬಂದ ಹುಡುಗಿಯರನ್ನು ‘ಅಲ್ಲಿಗೆ ಹೋಗಿ’ ಎಂದು ಕಳಿಸಲು ಅದು ನೆವವಾದದ್ದು ನಿಜ. ಅವರು ಕೇಳಿದ್ದು ಅಡುಗೆಮನೆಗೆ ಲ್ಯಾಬು ಬರಲಿ ಎಂದು.

ಬಾಸ್ಟನ್ನಿನ ಜಮೈಕಾ ಪ್ಲೇನ್‌ನಲ್ಲಿದ್ದ ಅವರ ಸ್ವಂತ ಮನೆಯೇ ಒಂದು ಪ್ರಯೋಗವಾಗಿತ್ತು. ಕಲ್ಲಿದ್ದಲಿನ ಒಲೆ ತೆಗೆದು ಗ್ಯಾಸ್ ಒಲೆ, ಧೂಳು ಹಿಡಿಯುವ ದೊಡ್ಡ ಕಾರ್ಪೆಟ್ಟಿನ ಬದಲು ಎತ್ತಿ ಕೊಡವಬಹುದಾದ ಚಿಕ್ಕ ಜಮಖಾನ, ಕೋಣೆಯ ಗಾಳಿ ಬದಲಾಗಲು ವ್ಯವಸ್ಥೆ. ಕಾಲೇಜು ಹುಡುಗಿಯರು ಅಲ್ಲೇ ಉಳಿದು, ಮನೆಗೆಲಸದಲ್ಲಿ ಕೈಜೋಡಿಸಿ ಓದುತ್ತಿದ್ದರು.

1910ರಲ್ಲಿ ಸ್ಮಿತ್ ಕಾಲೇಜು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ವಯಸ್ಸು 67. ಮರು ವರ್ಷ, 1911ರ ಮಾರ್ಚ್ 30ರಂದು ಹೃದಯದ ಕಾಯಿಲೆಯಿಂದ ಮನೆಯಲ್ಲೇ ತೀರಿಕೊಂಡರು. ಎಂ.ಐ.ಟಿ.ಯಲ್ಲಿ 27 ವರ್ಷ ಕಲಿಸಿದ ಅವರ ಹುದ್ದೆ ಕೊನೆಯವರೆಗೂ ‘ಬೋಧಕಿ’ ಎಂದೇ ಇತ್ತು, ಪ್ರೊಫೆಸರ್ ಆಗಲಿಲ್ಲ. ಅವರು ಪದವಿ ಪಡೆದು ನೂರು ವರ್ಷ ತುಂಬಿದ 1973ರಲ್ಲಿ ಆ ಸಂಸ್ಥೆ ಮಹಿಳಾ ಪ್ರಾಧ್ಯಾಪಕರಿಗಾಗಿ ಒಂದು ಪೀಠ ಸ್ಥಾಪಿಸಿತು. ಅದರ ಹೆಸರು ಎಲೆನ್ ಸ್ವಾಲೋ ರಿಚರ್ಡ್ಸ್ ಪ್ರೊಫೆಸರ್‌ಶಿಪ್.